ಮೇವಿಲ್ಲದ ವರ್ಷ: ಒಂದು ಆಪ್ತಸಲಹೆ ಪ್ರಕರಣ

ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ. ರಾಯಚೂರಿನ ಬಿಸಿಲು ಗೊತ್ತಲ್ಲ, ಆ ಹೊತ್ತಿಗೆ ಗೋಡೆ ಮುಟ್ಟಿದರೂ ಕೈ ಸುಡುತ್ತದೆ. ಆಪ್ತಸಲಹೆಗೆಂದು ನನ್ನ ಕೋಣೆಯೊಳಗೆ ಬಂದ ಹೆಣ್ಣುಮಗಳು ಕೂರುವ ಮೊದಲೇ ಕೇಳಿದರು: "ಮೇಡಂ, ಆ ಫ್ಯಾನ್ ಸ್ವಲ್ಪ ಆರಿಸ್ತೀರೇನ್ರಿ?" ಸೀರೆಯ ಮೇಲೆ ತುಂಬುತೋಳಿನ ಸ್ವೆಟರ್ ಹಾಕಿದ್ದರು. ನಾನು ಫ್ಯಾನ್ ಆರಿಸಿದೆ. ಮುಂದಿನ ಮುಕ್ಕಾಲು ಗಂಟೆ ನಾನು ಬೆವರು ಒರೆಸಿಕೊಳ್ಳುತ್ತಾ ಕೂತಿದ್ದೆ. ಅವರು ಎರಡೂ ಕೈ ತೊಡೆಯ ಕೆಳಗೆ ಇಟ್ಟುಕೊಂಡು ಕೂತಿದ್ದರು. ಅಷ್ಟು ದೊಡ್ಡ ಸುಳಿವು ಕಣ್ಣೆದುರೇ ಇದ್ದರೂ ಅವತ್ತು ನನಗೆ ಹೊಳೆಯಲಿಲ್ಲ. ಇದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ತೂಕ ಇಳಿಸಲು ಊಟ ಬಿಡುತ್ತಾ ಹೋದವರೊಬ್ಬರ ಕಥೆ ಇದು. ಅವರನ್ನು ಇಲ್ಲಿ ಸುಮಾ ಅಂತ ಕರೆಯುತ್ತೇನೆ. ಹೆಸರು ಅದಲ್ಲ. ಗುರುತು ಸಿಗುವಂಥ ವಿವರಗಳನ್ನೂ ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ. ವಯಸ್ಸು ಮೂವತ್ತರ ಆಸುಪಾಸು, ಐದು ವರ್ಷದ ಮಗ. ಲೆಕ್ಕ ಬರೆಯುವ ಕೆಲಸ. ಗಂಡ ಮತ್ತು ಅತ್ತೆಯ ಜೊತೆ ಊರಲ್ಲೇ ಮನೆ. ತವರು ಮಾನ್ವಿ ಕಡೆಯ ಹಳ್ಳಿ, ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಭಾಗ. ಈ ಕಾಲುವೆಯ ವಿಷಯ ಮುಂದೆ ಬರುತ್ತದೆ, ಅದಕ್ಕೇ ಹೇಳಿದೆ.

ಅವರ ತೂಕ ಎಷ್ಟಿತ್ತು, ಎಷ್ಟಕ್ಕೆ ಇಳಿಯಿತು, ದಿನಕ್ಕೆ ಎಷ್ಟು ಕ್ಯಾಲೊರಿ ತಿನ್ನುತ್ತಿದ್ದರು ಎಂಬುದನ್ನು ಬೇಕಂತಲೇ ಬರೆದಿಲ್ಲ. ಇಂಥ ಅಂಕಿ ಓದಿದ ಯಾರಾದರೂ ಒಬ್ಬರು ಅದನ್ನೇ ಗುರಿ ಮಾಡಿಕೊಳ್ಳುತ್ತಾರೆ. ನಾನು ನೋಡಿದ್ದೇನೆ.

ಸುಮಾ ಬಂದಿದ್ದು ಊಟದ ಸಮಸ್ಯೆ ಅಂತ ಹೇಳಿಕೊಂಡಲ್ಲ. "ನನ್ನ ಮನಸ್ಸು ಗಟ್ಟಿ ಮಾಡಿಕೊಡ್ರಿ ಮೇಡಂ" ಅಂದರು. ಸಣ್ಣದಕ್ಕೂ ಸಿಟ್ಟು. ಮಗ ಹಾಲು ಚೆಲ್ಲಿದ್ದಕ್ಕೆ ಹೊಡೆದಿದ್ದರು, ಆಮೇಲೆ ಬಾತ್‌ರೂಮಿನಲ್ಲಿ ಕೂತು ಅತ್ತಿದ್ದರು. ಕಣ್ಣುಮುಚ್ಚಿ ಕೂಡಿಸುತ್ತಿದ್ದ ಲೆಕ್ಕ ಈಗ ಮೂರು ಸಲ ಕೂಡಿಸಿದರೂ ತಾಳೆಯಾಗುತ್ತಿರಲಿಲ್ಲ. ಕೊನೆಗೆ ದನಿ ತಗ್ಗಿಸಿ ಹೇಳಿದರು: "ರಾತ್ರಿ ಕಳ್ಳತನ ಮಾಡ್ತೀನಿ ರೀ."

ನಾನು ಗಾಬರಿಯಾದೆ. ಕೇಳಿದರೆ, ಕಳ್ಳತನ ತಮ್ಮದೇ ಅಡುಗೆಮನೆಯಲ್ಲಿ. ರಾತ್ರಿ ಎರಡು ಗಂಟೆಗೆ ಎದ್ದು, ದೀಪ ಹಚ್ಚದೆ, ಡಬ್ಬಿಯಿಂದ ಶೇಂಗಾ, ಬೆಲ್ಲ ತೆಗೆದು ನಿಂತಲ್ಲೇ ತಿನ್ನುವುದು. ಒಂದು ದಿನ ಮಗನ ಬಿಸ್ಕತ್ ಪ್ಯಾಕೆಟ್ ಪೂರ್ತಿ ಖಾಲಿ. ಬೆಳಗ್ಗೆ ಮಗ ಹುಡುಕಿದಾಗ "ಇಲಿ ತಿಂದಿರಬೇಕು" ಅಂದರಂತೆ. ಮನಸ್ಸು ಗಟ್ಟಿಯಾದರೆ ಈ ಕಳ್ಳತನ ನಿಲ್ಲುತ್ತದೆ ಅನ್ನುವುದು ಅವರ ಲೆಕ್ಕ.

ಮೊದಲೆರಡು ಭೇಟಿಯಲ್ಲಿ ನಾನು ಫೈಲಿನಲ್ಲಿ "ಖಿನ್ನತೆ" ಅಂತ ಬರೆದು ಪಕ್ಕದಲ್ಲಿ ಪ್ರಶ್ನೆಚಿಹ್ನೆ ಹಾಕಿದ್ದೆ. ಅತ್ತೆ ಸೊಸೆ ಹೇಗಿದ್ದಾರೆ, ಗಂಡ ಹೇಗೆ, ಕೆಲಸದಲ್ಲಿ ಒತ್ತಡ ಇದೆಯಾ ಎಂದೆಲ್ಲ ಕೇಳಿದೆ. ಊಟದ ಬಗ್ಗೆ ಕೇಳಲೇ ಇಲ್ಲ. ಯಾಕೆಂದರೆ ಅವರು ಸೊರಗಿದವರಂತೆ ಕಾಣುತ್ತಿರಲಿಲ್ಲ. ಎತ್ತರಕ್ಕೆ ತಕ್ಕ ತೂಕವೇ ಇತ್ತು. ಹಸಿವಿನಿಂದ ಬಳಲುವವರು ಎಲುಬುಗೂಡಿನ ಹಾಗೆ ಕಾಣಬೇಕು ಅನ್ನುವ ತಪ್ಪು ಕಲ್ಪನೆ ನನ್ನ ತಲೆಯಲ್ಲೂ ಎಲ್ಲೋ ಇತ್ತು ಅನ್ನಿ. ದಪ್ಪಗಿದ್ದವರು ಬೇಗಬೇಗ ತೂಕ ಇಳಿಸಿದರೆ, ತಕ್ಕಡಿ ಸರಿಯಾದ ಅಂಕಿ ತೋರಿಸುವಾಗಲೂ ದೇಹ ಒಳಗೆ ಬರಗಾಲದಲ್ಲಿ ಇರಬಹುದು.

ಮೂರನೇ ಸಲ ಬಂದಾಗ ಕೇಳಿದೆ: "ನಿನ್ನೆ ಬೆಳಗ್ಗೆ ಎದ್ದಾಗಿನಿಂದ ಮಲಗೋವರೆಗೆ ಏನೇನು ತಿಂದ್ರಿ?" ಅವರು ಬ್ಯಾಗಿನಿಂದ ಒಂದು ನೋಟ್‌ಬುಕ್ ತೆಗೆದರು. ಅಂಗಡಿಯ ಕಿರ್ದಿ ಪುಸ್ತಕದ ಹಾಗೆ ಗೆರೆ ಹೊಡೆದು, ಎಡಕ್ಕೆ ಜಮಾ, ಬಲಕ್ಕೆ ಖರ್ಚು. ತಿಂದದ್ದು ಜಮಾ. ನಡೆದದ್ದು, ಮೆಟ್ಟಿಲು ಹತ್ತಿದ್ದು ಖರ್ಚು. ಒಂದು ಸೌತೆಕಾಯಿಯನ್ನೂ ಬಿಟ್ಟಿರಲಿಲ್ಲ. ರಾತ್ರಿಯ ಶೇಂಗಾ ಬೆಲ್ಲ ಮಾತ್ರ ಕೆಂಪು ಶಾಯಿಯಲ್ಲಿ, ದಂಡ ಬರೆದ ಹಾಗೆ. ಮಾರನೇ ದಿನದ ಊಟದಲ್ಲಿ ಅದನ್ನು ವಜಾ ಮಾಡಿದ್ದರು. ಒಂದು ವರ್ಷದ ಲೆಕ್ಕ ಅದು.

ಶುರುವಾಗಿದ್ದು ಒಳ್ಳೆಯ ಉದ್ದೇಶದಿಂದಲೇ. ಅಪ್ಪನಿಗೆ ಸಕ್ಕರೆ ಕಾಯಿಲೆ, ಕಾಲಿನ ಗಾಯ ಮಾಯದೆ ತುಂಬಾ ದಿನ ನರಳಿದ್ದರು. "ನೀನೂ ಸ್ವಲ್ಪ ತೂಕ ಇಳಿಸವ್ವಾ" ಅಂದಿದ್ದರು ಡಾಕ್ಟರು. ತಪ್ಪೇನಿಲ್ಲ. ಮೊದಲ ಮೂರು ತಿಂಗಳು ಸಂಜೆ ನಡಿಗೆ, ಚಹಾಕ್ಕೆ ಸಕ್ಕರೆ ಕಡಿಮೆ, ಒಗ್ಗಾಣಿ ಮಿರ್ಚಿ ವಾರಕ್ಕೊಮ್ಮೆ. ನಿಧಾನಕ್ಕೆ ತೂಕ ಇಳಿಯಿತು. ಅಲ್ಲಿಗೇ ನಿಂತಿದ್ದರೆ ನನ್ನ ಹತ್ತಿರ ಬರಬೇಕಾಗಿರಲಿಲ್ಲ. ಆದರೆ ಹೊಗಳಿಕೆ ಶುರುವಾಯಿತು. ಜೊತೆ ಕೆಲಸ ಮಾಡುವವರು "ಎಷ್ಟು ಸ್ಲಿಮ್ ಆಗಿದೀರಿ, ಏನ್ ಮಾಡಿದ್ರಿ?" ಅಂತ ಕೇಳಿದರು. ಮೊಬೈಲ್ ವಿಡಿಯೋ ನೋಡಿ ಮೊದಲು ಅನ್ನ ಬಿಟ್ಟರು. ಆಮೇಲೆ ರೊಟ್ಟಿ ಅರ್ಧ ಮಾಡಿದರು. ಆಮೇಲೆ ಎಣ್ಣೆ ಬಿಟ್ಟರು. ತೂಕ ಇಳಿಯುವುದು ನಿಧಾನವಾದಾಗಲೆಲ್ಲ ಇನ್ನಷ್ಟು ಕಡಿಮೆ ಮಾಡಿದರು. ಅತ್ತೆ ಮಾತ್ರ ಮೊದಲಿನಿಂದಲೂ "ಸೊರಗೀದಿ" ಅನ್ನುತ್ತಲೇ ಇದ್ದರು. ಅವರದು ಹಳೇ ಕಾಲದ ಮಾತು ಅಂತ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಅತ್ತೆಯ ಕಣ್ಣು ತಪ್ಪಿಸಲು ಸುಮಾ ಕಂಡುಕೊಂಡ ದಾರಿ ಒಪ್ಪತ್ತು. ಮೊದಲು ಸೋಮವಾರ, ಆಮೇಲೆ ಗುರುವಾರ, ಆಮೇಲೆ ಶನಿವಾರ. ದೇವರ ಹೆಸರು ಬಂದ ಮೇಲೆ ಯಾರು ಕೇಳುತ್ತಾರೆ?

ಅದೇ ಹೊತ್ತಿನಲ್ಲಿ ಅವರು ಮನೆಮಂದಿಗೆಲ್ಲ ಹಿಂದೆಂದೂ ಮಾಡದಷ್ಟು ಅಡುಗೆ ಮಾಡಿ ಬಡಿಸುತ್ತಿದ್ದರು. ಶೇಂಗಾ ಹೋಳಿಗೆ, ಎಣಗಾಯಿ, ಗುರೆಳ್ಳು ಚಟ್ನಿ. ಡಬ್ಬಿ ತುಂಬಿ ಕೆಲಸಕ್ಕೂ ಒಯ್ಯುತ್ತಿದ್ದರು. ತಾವು ಒಂದು ತುತ್ತೂ ತಿನ್ನುತ್ತಿರಲಿಲ್ಲ. ಎಲ್ಲರೂ ಉಣ್ಣುವುದನ್ನು ನೋಡುತ್ತಾ ಕೂರುವುದು. ಮಲಗುವ ಮೊದಲು ಒಂದು ತಾಸು ಅಡುಗೆ ವಿಡಿಯೋ. "ನಂಗೆ ಹುಚ್ಚು ಹಿಡಿದದೇನ್ರಿ?" ಅಂತ ಕೇಳಿದರು.

ಆಗ ನಾನು ಅವರಿಗೆ ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದ ಕಥೆ ಹೇಳಿದೆ. ಎರಡನೇ ಮಹಾಯುದ್ಧ ಮುಗಿಯುತ್ತಾ ಬಂದಿತ್ತು. ಯುರೋಪಿನಲ್ಲಿ ಜನ ಹಸಿದಿದ್ದರು, ಅವರನ್ನು ಮತ್ತೆ ಸುಸ್ಥಿತಿಗೆ ತರುವುದು ಹೇಗೆಂದು ಗೊತ್ತಾಗಬೇಕಿತ್ತು. 1944ರ ನವೆಂಬರ್‌ನಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಗಂಡಸರ ಮೇಲೆ ಹಸಿವಿನ ಪ್ರಯೋಗ ಶುರು ಮಾಡಿದರು. ಎಲ್ಲರೂ ಗಟ್ಟಿಮುಟ್ಟು, ಮನಸ್ಸೂ ಗಟ್ಟಿ. ಕೊಲ್ಲುವುದಿಲ್ಲ ಅಂತ ಬಂದೂಕು ಹಿಡಿಯಲು ಒಪ್ಪದೆ, ಅದರ ಬದಲು ಈ ಸೇವೆಗೆ ತಾವೇ ಮುಂದೆ ಬಂದವರು. 24 ವಾರ ಅವರಿಗೆ ದಿನಕ್ಕೆ ಸುಮಾರು 1,570 ಕ್ಯಾಲೊರಿಯ ಊಟ. ಜೊತೆಗೆ ವಾರಕ್ಕೆ 35 ಕಿಲೋಮೀಟರ್ ನಡಿಗೆ. ತೂಕ ಹೆಚ್ಚುಕಡಿಮೆ ಕಾಲು ಭಾಗ ಇಳಿಯಿತು. ನಾಡಿಬಡಿತ ನಿಮಿಷಕ್ಕೆ 35ರ ಆಸುಪಾಸಿಗೆ ಬಂತು. ಸುಮ್ಮನೆ ಮಲಗಿದ್ದಾಗ ದೇಹ ಖರ್ಚು ಮಾಡುವ ಶಕ್ತಿ ಸುಮಾರು 40 ಶೇಕಡಾ ಕುಸಿಯಿತು. ಬೇಸಿಗೆಯಲ್ಲೂ ಚಳಿ ಅಂತ ಕಂಬಳಿ ಹೊದ್ದರು. ಹಿಂದೆಂದೂ ಒಲೆಯ ಹತ್ತಿರ ಹೋಗದ ಗಂಡಸರು ಅಡುಗೆ ಪುಸ್ತಕ ಕೂಡಿಹಾಕಿ ಓದಿದರು. ಸಿಡುಕು, ಮಂಕು, ಒಬ್ಬರನ್ನೊಬ್ಬರು ಕಂಡರಾಗದ ಸ್ಥಿತಿ. ಕೆಲವರು ಕದ್ದು ತಿಂದರು.

ಸುಮಾ ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ: "ಗಂಡಸರೂ ಕದ್ದು ತಿಂದ್ರೇನ್ರಿ?"

ಅವರ ಲೆಕ್ಕದಲ್ಲಿ ತಪ್ಪಿದ್ದದ್ದು ಖರ್ಚಿನ ಕಾಲಂ. ಜಮಾ ಕಡಿಮೆ ಮಾಡುತ್ತಾ ಹೋದರೆ ಖರ್ಚು ಇದ್ದಲ್ಲೇ ಇರುತ್ತದೆ, ಅಷ್ಟೂ ಕೊಬ್ಬು ಕರಗುತ್ತದೆ ಅಂತ ಅವರು ನಂಬಿದ್ದರು. ಆ ಕಾಲಂ ಬರೆಯುವುದು ನಾವಲ್ಲ, ದೇಹ. ಜಮಾ ಕಡಿಮೆಯಾದಂತೆ ಅದು ಖರ್ಚನ್ನು ಹೊಡೆದುಹಾಕುತ್ತಾ ಬರುತ್ತದೆ.

ಮೊದಲನೆಯದು ನೇರ ಲೆಕ್ಕ. ಸಣ್ಣ ದೇಹಕ್ಕೆ ಕಡಿಮೆ ಶಕ್ತಿ ಸಾಕು. 30 ವರ್ಷದ, 158 ಸೆಂಟಿಮೀಟರ್ ಎತ್ತರದ ಹೆಂಗಸು 70 ಕೆ.ಜಿ. ಇದ್ದರೆ ದಿನವಿಡೀ ಸುಮ್ಮನೆ ಮಲಗಿದ್ದರೂ ಅಂದಾಜು 1,375 ಕ್ಯಾಲೊರಿ ಬೇಕು. ಅದೇ ಹೆಂಗಸು 55 ಕೆ.ಜಿ. ಆದರೆ ಸುಮಾರು 1,225. ಇದರಲ್ಲಿ ಗುಟ್ಟೇನಿಲ್ಲ. ಆದರೆ ಕಠಿಣವಾಗಿ ಊಟ ಬಿಟ್ಟವರಲ್ಲಿ ಖರ್ಚು ಇದಕ್ಕಿಂತಲೂ ಕೆಳಗೆ ಹೋಗುತ್ತದೆ. ಕೊಬ್ಬಿನ ಕೋಶಗಳಿಂದ ಬರುವ ಲೆಪ್ಟಿನ್ ಎಂಬ ಹಾರ್ಮೋನ್ ಊಟ ಕಡಿಮೆಯಾದ ಕೆಲವೇ ದಿನಗಳಲ್ಲಿ ಇಳಿಯುತ್ತದೆ, ಕೊಬ್ಬು ಇನ್ನೂ ಅಷ್ಟು ಕರಗಿರದಿದ್ದರೂ. ಅದು ಇಳಿದರೆ ಮಿದುಳಿಗೆ ಬರಗಾಲದ ಸುದ್ದಿ ಮುಟ್ಟಿದ ಹಾಗೆ. ಥೈರಾಯ್ಡ್ ಗ್ರಂಥಿಯ ಟಿ4 ಎಂಬ ಹಾರ್ಮೋನ್, ಚುರುಕಾದ ಟಿ3 ಆಗಿ ಬದಲಾಗುವುದು ಕಡಿಮೆಯಾಗುತ್ತದೆ. ಮೈ ಬಿಸಿ ತಗ್ಗುತ್ತದೆ, ನಾಡಿ ನಿಧಾನವಾಗುತ್ತದೆ. ಇನ್ನೊಂದು ನಮ್ಮ ಗಮನಕ್ಕೇ ಬಾರದ ಉಳಿತಾಯ: ಕಾಲು ಕುಣಿಸುವುದು, ಮಾತಾಡುವಾಗ ಕೈ ಆಡಿಸುವುದು, ಎದ್ದು ಹೋಗಿ ನೀರು ತರುವುದು, ಎಲ್ಲ ತಾನಾಗಿ ಕಡಿಮೆಯಾಗುತ್ತದೆ. ಸುಮಾ ಮೊಬೈಲ್ ನೋಡಿ ಹೆಜ್ಜೆ ಎಣಿಸುತ್ತಿದ್ದರು, ಉಳಿದ ಹೊತ್ತೆಲ್ಲ ಗೊಂಬೆಯ ಹಾಗೆ ಕೂತಿರುತ್ತಿದ್ದರು. ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ. ಇತ್ತ ಹಸಿವಿನ ಹಾರ್ಮೋನ್ ಗ್ರೆಲಿನ್ ಏರುತ್ತದೆ. ರಾತ್ರಿ ಎರಡು ಗಂಟೆಗೆ ಅಡುಗೆಮನೆಗೆ ನಡೆಸಿಕೊಂಡು ಹೋಗುತ್ತಿದ್ದದ್ದು ಅದು. ಅದಕ್ಕೆ ಮನಸ್ಸು ಸಡಿಲ ಅಂತ ಹೆಸರಿಡುವುದು ಅನ್ಯಾಯ.

ಇಲ್ಲೊಂದು ಮಾತು ಬಿಡಿಸಿ ಹೇಳಬೇಕು. "ಊಟ ಬಿಟ್ಟರೆ ಮೆಟಬಾಲಿಸಂ ನಿಂತೇ ಹೋಗುತ್ತೆ, ಒಂದು ಗ್ರಾಮೂ ಇಳಿಯಲ್ಲ" ಅಂತ ಕೆಲವರು ಹೆದರಿಸುತ್ತಾರೆ. ಮೆಟಬಾಲಿಸಂ ಅಂದರೆ ದೇಹ ಶಕ್ತಿ ಖರ್ಚು ಮಾಡುವ ಕ್ರಿಯೆ. ಆ ಹೆದರಿಕೆ ಸುಳ್ಳು. ಹಾಗಿದ್ದರೆ ಬರಗಾಲದಲ್ಲಿ ಯಾರೂ ಸೊರಗುತ್ತಿರಲಿಲ್ಲ, ಮಿನೆಸೋಟದ ಗಂಡಸರೂ ಸೊರಗುತ್ತಿರಲಿಲ್ಲ. ದೇಹ ನಿಧಾನವಾಗುತ್ತದೆ, ನಿಲ್ಲುವುದಿಲ್ಲ. ಸುಮಾ ಅವರ ತಕ್ಕಡಿ ಎರಡು ತಿಂಗಳಿಂದ ಕದಲದೇ ಇದ್ದದ್ದಕ್ಕೆ ಖರ್ಚು ಇಳಿದದ್ದೊಂದೇ ಕಾರಣವಲ್ಲ. ಒತ್ತಡದಲ್ಲಿರುವ ದೇಹ ನೀರು ಹಿಡಿದಿಟ್ಟುಕೊಳ್ಳುತ್ತದೆ. ಕತ್ತಲಲ್ಲಿ ತಿಂದ ಶೇಂಗಾ ಬೆಲ್ಲವನ್ನು ಅವರು ಅಂದಾಜಿನ ಮೇಲೆ ಬರೆದಿದ್ದರು.

ನಾನು ಇಷ್ಟೆಲ್ಲ ಹೇಳಿದ ಮೇಲೆ ಅವರೇ ಅಂದರು: "ಹಂಗಾದ್ರ ಇದು ನಮ್ಮಪ್ಪನ ಹೊಲ ಇದ್ದಂಗ." ಡ್ಯಾಮಿನಲ್ಲಿ ನೀರು ಕಡಿಮೆ ಇದ್ದ ವರ್ಷ ಏನಾಗುತ್ತದೆ? ಕುಡಿಯುವ ನೀರು ಮೊದಲು ತೆಗೆದಿಡುತ್ತಾರೆ. ಕಾಲುವೆಗೆ ಸರದಿ ಹಾಕಿ, ಒಂದಿಷ್ಟು ದಿನ ಬಿಟ್ಟು ಒಂದಿಷ್ಟು ದಿನ ಬಂದ್ ಮಾಡುತ್ತಾರೆ. ಎರಡನೇ ಬೆಳೆಗೆ ನೀರಿಲ್ಲ ಅಂತ ಹೇಳಿಬಿಡುತ್ತಾರೆ. ಮೊದಲು ಒಣಗುವುದು ಕೊನೆಭಾಗದ ಹೊಲ. ದೇಹದಲ್ಲಿ ಕುಡಿಯುವ ನೀರು ಅಂದರೆ ಹೃದಯ, ಮಿದುಳು. ಕೂದಲು, ಚರ್ಮ, ಮೈ ಬಿಸಿ ಎಲ್ಲ ಕೊನೆಭಾಗದ ಹೊಲಗಳು. ಮುಟ್ಟು ಎರಡನೇ ಬೆಳೆ. ಇಷ್ಟು ಚೆನ್ನಾದ ಹೋಲಿಕೆ ನನಗೆ ಹೊಳೆದಿರಲಿಲ್ಲ. ಈಗ ಬೇರೆಯವರಿಗೂ ಇದನ್ನೇ ಹೇಳುತ್ತೇನೆ.

ಮುಟ್ಟು ನಿಂತು ಐದು ತಿಂಗಳಾಗಿತ್ತು. ಅದನ್ನು ಯಾರಿಗೂ ಹೇಳಿರಲಿಲ್ಲ.

ಅವತ್ತೇ ಡಾಕ್ಟರ ಹತ್ತಿರ ಕಳಿಸಿದೆ. ಇದು ಮಾತಿನಲ್ಲಿ ಮುಗಿಯುವ ಕೆಲಸವಲ್ಲ. ಇ.ಸಿ.ಜಿ., ರಕ್ತದಲ್ಲಿ ಹೀಮೋಗ್ಲೋಬಿನ್, ಸಕ್ಕರೆ, ಪೊಟ್ಯಾಶಿಯಂ, ಫಾಸ್ಫೇಟ್, ಮೆಗ್ನೀಶಿಯಂ, ಥೈರಾಯ್ಡ್. ಮುಟ್ಟು ನಿಂತಿದ್ದರಿಂದ ಗರ್ಭದ ಪರೀಕ್ಷೆಯೂ ಆಯಿತು. ನಾಡಿ 48. ರಕ್ತ ಕಡಿಮೆ. ಥೈರಾಯ್ಡ್ ಗ್ರಂಥಿಗೆ ಕೆಲಸ ಹೇಳುವ ಹಾರ್ಮೋನ್ ಟಿ.ಎಸ್.ಎಚ್. ಸರಿಯಾಗಿತ್ತು, ಟಿ3 ಕೆಳಗಿತ್ತು. ರಿಪೋರ್ಟ್ ಹಿಡಿದು ಬಂದ ಸುಮಾ ಬೇಜಾರಾಗಿದ್ದರು. "ಥೈರಾಯ್ಡ್ ಇದ್ದಿದ್ರ ಚಲೋ ಇತ್ತು, ಒಂದು ಗುಳಿಗಿ ತಗೊಂಡ್ರ ಮುಗೀತಿತ್ತು" ಅಂದರು. ಗ್ರಂಥಿ ಸರಿಯಾಗೇ ಇದೆ, ಊಟ ಇಲ್ಲ ಅಂತ ದೇಹವೇ ಬೆಂಕಿ ತಗ್ಗಿಸಿಕೊಂಡಿದೆ ಅಂತ ಡಾಕ್ಟರು ವಿವರಿಸಿದ್ದರಂತೆ. ಇಂಥ ಹೊತ್ತಲ್ಲಿ ಥೈರಾಯ್ಡ್ ಗುಳಿಗೆ ನುಂಗಿದರೆ ಉಳಿದ ಸ್ನಾಯುವೂ ಕರಗುತ್ತದೆ, ಹೃದಯಕ್ಕೂ ತೊಂದರೆ. ಇದನ್ನು ಒತ್ತಿ ಹೇಳುತ್ತಿದ್ದೇನೆ, ಯಾಕೆಂದರೆ ತೂಕ ಇಳಿಸಲು ಪಕ್ಕದ ಮನೆಯವರ ಥೈರಾಯ್ಡ್ ಗುಳಿಗೆ ಇಸಿದುಕೊಂಡು ತಿಂದವರೂ ನನ್ನ ಹತ್ತಿರ ಬಂದಿದ್ದಾರೆ.

ಮನೋವೈದ್ಯರನ್ನೂ ನೋಡಿ ಅಂದೆ. ಊಟಕ್ಕೆ ಸಂಬಂಧಿಸಿದ ಮನೋರೋಗ ಹೌದೋ ಅಲ್ಲವೋ ಅಂತ ತೀರ್ಮಾನಿಸುವುದು ಅವರ ಕೆಲಸ, ನನ್ನದಲ್ಲ. ಗಂಡ ಹಿಂಜರಿದರು. "ಜನ ಏನಂತಾರ್ರಿ" ಅಂತ. ಅವರಿಗೆ ನಮ್ಮ ನೆರೆಯ ಬಳ್ಳಾರಿಯ ವಿಷಯ ಹೇಳಿದೆ. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಮಾನಸಿಕ ಚಿಕಿತ್ಸೆಯನ್ನು ಹಳ್ಳಿಯ ಆಸ್ಪತ್ರೆಯಲ್ಲೇ ಕೊಡಬಹುದು ಅಂತ ಮಾಡಿ ತೋರಿಸಿದ್ದು ಬಳ್ಳಾರಿ ಜಿಲ್ಲೆಯಲ್ಲಿ. 1996ರಲ್ಲಿ ದೇಶದಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಆ ಬಳ್ಳಾರಿ ಮಾದರಿಯೇ ತಳಹದಿ. ನಮ್ಮ ಸೀಮೆಯಿಂದ ದೇಶಕ್ಕೆ ಹೋದದ್ದನ್ನು ನಾವೇ ನಾಚಿಕೊಂಡು ಬಿಟ್ಟರೆ ಹೇಗೆ, ಅಲ್ವಾ? ಗಂಡ ನಕ್ಕರು. ಹೋಗಿ ಬಂದರು.

ನಾಲ್ಕನೇ ಭೇಟಿಗೆ ಅತ್ತೆಯನ್ನು ಕರೆಸಿದೆ. ಸುಮಾ ಬೇಡ ಅಂದಿದ್ದರು, ನಾನೇ ಒಪ್ಪಿಸಿದೆ. ನನಗೂ ಒಳಗೊಳಗೇ ಅಳುಕು. ಹಾರ್ಮೋನ್ ಗೀರ್ಮೋನ್ ಅಂತ ಇವರಿಗೆ ಹೇಗೆ ಹೇಳುವುದು? ಊಟ ಕಡಿಮೆಯಾದರೆ ಮುಟ್ಟು ನಿಲ್ಲುತ್ತದೆ ಅನ್ನುವಷ್ಟರಲ್ಲಿ ಅವರೇ ಮಾತು ಎತ್ತಿಕೊಂಡರು. "ಅದೇನು ಹೊಸಾದೇನ್ರಿ? ಮೇವಿಲ್ಲದ ವರ್ಷ ಎಮ್ಮಿ ಬೆದಿಗಿ ಬರಂಗಿಲ್ಲ. ತನಗೇ ಹೊಟ್ಟಿಗಿಲ್ದಾಗ ಕರು ಹೆಂಗ ಹಾಕ್ತದ?" ಅಂದವರು ಸೊಸೆಯ ಕಡೆ ತಿರುಗಿದರು. "ಎಷ್ಟು ತಿಂಗಳಾತವ್ವಾ?" "ಐದು, ಅತ್ತಿ." ಮುದುಕಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಮೊಮ್ಮಗಳು ಬರುತ್ತಾಳೆ, ಸೊಸೆ ನಾಚಿಕೊಂಡು ಹೇಳುತ್ತಿಲ್ಲ ಅಂತ ಅವರು ಇಷ್ಟು ದಿನ ಕಾದಿದ್ದರಂತೆ.

ಒಪ್ಪತ್ತಿನ ವಿಷಯವನ್ನೂ ಅವರೇ ಮುಗಿಸಿದರು. ದೇವರ ಜೊತೆ ವಾದ ಮಾಡುವ ಕೆಲಸ ನನಗೆ ಬರಲಿಲ್ಲ. "ಬಾಣಂತಿಗೆ, ಬ್ಯಾನಿ ಬಂದವರಿಗೆ ಒಪ್ಪತ್ತಿಲ್ಲ. ನಿನ್ನ ಪಾಲಿಂದು ನಾ ಮಾಡ್ತೀನಿ, ನೀ ಉಣ್ಣು."

ಇನ್ನು ಸಲಹೆ. ಮೊದಲನೇ ಮಾತೇ ಜನರಿಗೆ ವಿಚಿತ್ರ ಅನಿಸುತ್ತದೆ: ಇವತ್ತಿನಿಂದಲೇ ಹೊಟ್ಟೆ ತುಂಬ ಉಣ್ಣಬೇಡಿ. ತುಂಬಾ ದಿನ ಹಸಿದ ದೇಹಕ್ಕೆ ಒಮ್ಮೆಲೇ ಜಾಸ್ತಿ ಅನ್ನ, ಸಿಹಿ ಬಿದ್ದರೆ ಇನ್ಸುಲಿನ್ ಏರಿ, ರಕ್ತದಲ್ಲಿನ ಫಾಸ್ಫೇಟ್, ಪೊಟ್ಯಾಶಿಯಂ, ಮೆಗ್ನೀಶಿಯಂ ಎಲ್ಲ ಜೀವಕೋಶಗಳ ಒಳಗೆ ನುಗ್ಗುತ್ತವೆ. ರಕ್ತದಲ್ಲಿ ಅವು ಕುಸಿದರೆ ಹೃದಯದ ಬಡಿತ ತಪ್ಪಬಹುದು. ಎರಡನೇ ಮಹಾಯುದ್ಧದ ಕೊನೆಗೆ ಬಿಡುಗಡೆಯಾದ ಹಸಿದ ಕೈದಿಗಳಲ್ಲಿ ಕೆಲವರು ಹೊಟ್ಟೆ ತುಂಬ ಉಂಡ ಮೇಲೆ ಸತ್ತದ್ದು ಹೀಗೆ. ಅದಕ್ಕೇ ಡಾಕ್ಟರು ಮೊದಲ ಕೆಲವು ವಾರ ಮತ್ತೆ ಮತ್ತೆ ರಕ್ತಪರೀಕ್ಷೆ ಮಾಡಿಸಿದರು, ಥಯಾಮಿನ್ (ವಿಟಮಿನ್ ಬಿ1) ಮಾತ್ರೆ ಕೊಟ್ಟರು. ಪಥ್ಯತಜ್ಞೆ ನಾಲ್ಕೈದು ದಿನಕ್ಕೊಮ್ಮೆ ಸ್ವಲ್ಪ ಸ್ವಲ್ಪ ಏರಿಸಿದರು. ತಲೆಸುತ್ತಿ ಬೀಳುವವರು, ನಾಡಿ ತೀರಾ ಕಡಿಮೆ ಇರುವವರು, ಹಲವು ದಿನ ಏನೂ ತಿನ್ನದವರು ಆಸ್ಪತ್ರೆಯಲ್ಲೇ ಇದ್ದು ಊಟ ಶುರು ಮಾಡಬೇಕಾಗಬಹುದು. ಮನೆಯಲ್ಲಿ ಇದನ್ನು ತಾವಾಗಿ ಮಾಡಿಕೊಳ್ಳಬಾರದು.

ಹಸಿವನ್ನು ಕೇಳಿ ಉಣ್ಣಬೇಡಿ, ಗಡಿಯಾರ ನೋಡಿ ಉಣ್ಣಿ ಅಂದೆ. ತಿಂಗಳುಗಟ್ಟಲೆ ಅದುಮಿಟ್ಟ ಹಸಿವು ಸರಿಯಾದ ಹೊತ್ತು ಹೇಳುವುದಿಲ್ಲ. ಮೂರು ಊಟ, ನಡುವೆ ಎರಡು ಸಲ ಏನಾದರೂ. ಮೊದಲು ಅರ್ಧ ರೊಟ್ಟಿ ಒಂದಾಯಿತು. ಆಮೇಲೆ ಹೆಸರುಕಾಳಿನ ಪಲ್ಯ, ಮೊಸರು, ಒಂದು ಚಮಚ ಶೇಂಗಾ ಚಟ್ನಿ, ಮಧ್ಯಾಹ್ನಕ್ಕೆ ಸ್ವಲ್ಪ ಅನ್ನ. ಬಡಿಸುವುದು ಅತ್ತೆ, ಸುಮಾ ಅಲ್ಲ. ನೋಟ್‌ಬುಕ್ ನನ್ನ ಕಪಾಟಿಗೆ ಬಂತು. ಮೊಬೈಲಿನ ಆ್ಯಪ್ ಅಳಿಸಿದರು. ತಕ್ಕಡಿ ನಾದಿನಿ ಮನೆಗೆ ಹೋಯಿತು. ಡಾಕ್ಟರ ಹತ್ತಿರ ತೂಕ ನೋಡುವಾಗ ಬೆನ್ನು ತಿರುಗಿಸಿ ನಿಲ್ಲುವುದು. ಹೆಜ್ಜೆ ಎಣಿಸುವ ನಡಿಗೆ ಸದ್ಯಕ್ಕೆ ಬಂದ್.

ರಾತ್ರಿಯ ಕಳ್ಳತನಕ್ಕೆ ಒಂದೇ ನಿಯಮ: ತಿನ್ನಬೇಕು ಅನಿಸಿದರೆ ದೀಪ ಹಚ್ಚಿ, ತಟ್ಟೆಗೆ ಹಾಕಿಕೊಂಡು, ಕೂತು ತಿನ್ನಿ. ಬೆಳಗ್ಗೆ ಅದನ್ನು ವಜಾ ಮಾಡಬೇಡಿ. ಹತ್ತು ದಿನ ಅವರಿಗೆ ದೀಪದ ಗುಂಡಿ ಒತ್ತುವುದೇ ಆಗಲಿಲ್ಲ. ಹನ್ನೊಂದನೇ ದಿನ ಒತ್ತಿದರು. ಮಗ ಎದ್ದು ಬಂದು "ಅವ್ವಾ ನಂಗೂ" ಅಂದನಂತೆ. ಇಬ್ಬರೂ ನೆಲದ ಮೇಲೆ ಕೂತು ಶೇಂಗಾ ಬೆಲ್ಲ ತಿಂದರು. ರಾತ್ರಿ ಊಟ ಸರಿಹೋದಂತೆ ಈ ಏಳುವುದು ಕಡಿಮೆಯಾಗಿ, ಒಂದು ತಿಂಗಳಲ್ಲಿ ನಿಂತೇ ಹೋಯಿತು.

ಮನೆಯವರಿಗೆ ಹೇಳಿದ್ದು: ಮೈ ಬಗ್ಗೆ ಮಾತೇ ಬೇಡ. ತೆಳ್ಳಗೆ ಚಂದ ಕಾಣ್ತಿ ಅನ್ನುವುದೂ ಬೇಡ, ಈಗ ಮೈ ತುಂಬ್ಕೊಂಡಿ ಅನ್ನುವುದೂ ಬೇಡ. ಎರಡನೆಯದನ್ನು ಪ್ರೀತಿಯಿಂದಲೇ ಅನ್ನುತ್ತಾರೆ. ಕೇಳಿಸಿಕೊಳ್ಳುವವರಿಗೆ ಅದು ಕಲ್ಲು ಬಿದ್ದ ಹಾಗೆ.

ಎರಡನೇ ವಾರ ಬಟ್ಟೆ ಬಿಗಿಯಾಯಿತು, ಪಾದ ಊದಿತು. ರಾತ್ರಿ ಹತ್ತಕ್ಕೆ ಫೋನ್: "ನೋಡ್ರಿ, ನೀವು ಹೇಳಿದ್ದು ಕೇಳಿ ದಪ್ಪ ಆಗ್ಲಿಕತ್ತೀನಿ." ಡಾಕ್ಟರು ನೋಡಿ, ಗಾಬರಿ ಬೇಡ ಅಂದರು. ಖಾಲಿಯಾಗಿದ್ದ ಗ್ಲೈಕೊಜೆನ್, ಅಂದರೆ ದೇಹ ಕೂಡಿಟ್ಟ ಸಕ್ಕರೆ, ಮೊದಲು ತುಂಬುತ್ತದೆ. ಅದರ ಒಂದು ಗ್ರಾಮಿನ ಜೊತೆ ಸುಮಾರು ಮೂರು ಗ್ರಾಮ್ ನೀರು ಬರುತ್ತದೆ. ಮೊದಲ ದಿನಗಳಲ್ಲಿ ಏರುವ ತೂಕ ಹೆಚ್ಚಾಗಿ ಇದೇ. ಮುಂದೆ ಕೊಬ್ಬು ಬೇಗ, ಸ್ನಾಯು ತಡವಾಗಿ ತುಂಬುತ್ತದೆ, ಮೊದಲು ಹೊಟ್ಟೆಯ ಸುತ್ತ ಬಂದಂತೆ ಕಾಣಬಹುದು ಅನ್ನುವುದನ್ನೂ ಮುಚ್ಚಿಡಲಿಲ್ಲ. ಮಿನೆಸೋಟದ ಗಂಡಸರಿಗೂ ಹಾಗೇ ಆಗಿತ್ತು. ಮುಚ್ಚಿಟ್ಟಿದ್ದರೆ ಮೂರನೇ ವಾರ ಅವರು ಬರುತ್ತಿರಲಿಲ್ಲ.

ಆಗ ಅವರು ಎಲ್ಲೋ ಓದಿದ್ದನ್ನು ತಂದರು: ಮೆಟಬಾಲಿಸಂ ಒಮ್ಮೆ ಹಾಳಾದರೆ ಮತ್ತೆ ಸರಿಹೋಗಲ್ಲ. ಅದರ ಮೂಲ 2016ರ ಒಂದು ಅಧ್ಯಯನ. ಅಮೆರಿಕದ ಟಿ.ವಿ. ಸ್ಪರ್ಧೆಯೊಂದರಲ್ಲಿ 30 ವಾರಕ್ಕೆ ಸರಾಸರಿ 58 ಕೆ.ಜಿ. ಇಳಿಸಿದ್ದ 14 ಜನರನ್ನು ಆರು ವರ್ಷದ ನಂತರ ಪರೀಕ್ಷಿಸಿದಾಗ, ಅವರ ದೇಹದ ಖರ್ಚು ಇರಬೇಕಾದ್ದಕ್ಕಿಂತ ದಿನಕ್ಕೆ ಸುಮಾರು 500 ಕ್ಯಾಲೊರಿ ಕಡಿಮೆ ಇತ್ತು. ಸುಳ್ಳಲ್ಲ. ಆದರೆ ಅದು ವಿಪರೀತದ ಮಾತು. ತೂಕ ಒಂದು ಮಟ್ಟಕ್ಕೆ ನಿಂತು, ಊಟ ಸರಿಯಾದ ಮೇಲೆ ಈ ಕೊರತೆ ಕಡಿಮೆಯಾಗುವುದನ್ನು ಬೇರೆ ಅಧ್ಯಯನಗಳು ಕಂಡಿವೆ. ನಿಮ್ಮ ದೇಹ ಹಾಳಾಗಿಲ್ಲ, ಹೆದರಿದೆ ಅಂದೆ. ಅದು ನಂಬಲು ಒಂದೆರಡು ದಿನ ಅಲ್ಲ, ತಿಂಗಳುಗಳು ಬೇಕು.

ಅಪ್ಪನ ಸಕ್ಕರೆ ಕಾಯಿಲೆಯ ಭಯ ಮಾತ್ರ ನಿಜವಾದ ಭಯ. ಅದನ್ನು ತಳ್ಳಿಹಾಕಲಿಲ್ಲ. 2006ರಲ್ಲಿ ಪ್ರಕಟವಾದ ಚೆನ್ನೈನ ಅಧ್ಯಯನದಲ್ಲಿ, ಸಕ್ಕರೆ ಕಾಯಿಲೆಯ ಅಂಚಿನಲ್ಲಿದ್ದವರು ನಡಿಗೆ ಮತ್ತು ಊಟದ ಸಾಧಾರಣ ಬದಲಾವಣೆಯಿಂದಲೇ ಅಪಾಯವನ್ನು ಸುಮಾರು 28 ಶೇಕಡಾ ತಗ್ಗಿಸಿಕೊಂಡಿದ್ದರು. ತೂಕ ಹೇಳಿಕೊಳ್ಳುವಷ್ಟೇನೂ ಇಳಿದಿರಲಿಲ್ಲ. ಜಾಸ್ತಿ ಓಡಾಟವಿಲ್ಲದ ಹೆಂಗಸಿಗೂ ದಿನಕ್ಕೆ ಸುಮಾರು 1,660 ಕ್ಯಾಲೊರಿ ಬೇಕು ಅಂತ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐ.ಸಿ.ಎಂ.ಆರ್.) 2020ರಲ್ಲಿ ಹೇಳಿದೆ. ಸುಮಾ ಅವರನ್ನು ನಿಧಾನಕ್ಕೆ ಅದಕ್ಕಿಂತ ಸ್ವಲ್ಪ ಮೇಲಕ್ಕೇ ಒಯ್ದೆವು. ಅವರ ಮೊದಲ ಮೂರು ತಿಂಗಳ ದಾರಿಯೇ ಸರಿಯಾಗಿತ್ತು.

ಜೂನ್ ಕೊನೆಗೆ ಒಂದು ದಿನ ಬಂದವರೇ ಸೆರಗಿನಿಂದ ಗಾಳಿ ಬೀಸಿಕೊಂಡರು. "ಏನ್ ಸೆಕಿ ರೀ, ಫ್ಯಾನ್ ಹಾಕ್ರಿ." ನಾನು ಎದ್ದು ಹಾಕಿದೆ. ಅವರಿಗೆ ತಾವೇನು ಹೇಳಿದೆ ಅನ್ನುವುದು ಆಮೇಲೆ ಹೊಳೆಯಿತು. ಆದರೆ ಕೂದಲು ಉದುರುವುದು ಆಗಲೂ ನಿಂತಿರಲಿಲ್ಲ. ಹಸಿವಿನ ಪೆಟ್ಟು ಕೂದಲಲ್ಲಿ ಎರಡು ಮೂರು ತಿಂಗಳು ತಡವಾಗಿ ಕಾಣುತ್ತದೆ. ಮುಟ್ಟು ಬರಲು ನವೆಂಬರ್ ಆಯಿತು. ಅತ್ತೆಯೇ ಫೋನ್ ಮಾಡಿ ಹೇಳಿದರು, ದನಿ ತಗ್ಗಿಸದೆ.

ಎಲ್ಲ ಸರಿಹೋಗಿದೆ ಅಂತ ಹೇಳಲಾರೆ. ಈಗಲೂ ಅನ್ನ ಕಂಡರೆ ಮನಸ್ಸಿನಲ್ಲೇ ಎಣಿಸುತ್ತಾರೆ. ಬೇರೆಯವರ ಮನೆಯಲ್ಲಿ ಉಣ್ಣುವುದಿಲ್ಲ. ನೋಟ್‌ಬುಕ್ ವಾಪಸ್ ಬೇಕು ಅಂತ ಎರಡು ಸಲ ಕೇಳಿದ್ದಾರೆ, ನಾನು ಕೊಟ್ಟಿಲ್ಲ. ಕೆಟ್ಟ ಯೋಚನೆ ಬಂದ ರಾತ್ರಿಗಳಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಅವರ ಫೋನಿನಲ್ಲಿದೆ. ಅದು ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ.

ಬರುವ ತಿಂಗಳು ತಮ್ಮನ ಮದುವೆ, ತವರಿನಲ್ಲಿ. ಇಡೀ ಬಳಗ ಸೇರುತ್ತದೆ, ಮೈ ಬಗ್ಗೆ ಮಾತು ಬಂದೇ ಬರುತ್ತದೆ. ಕಳೆದ ಭೇಟಿಯಲ್ಲಿ ಅದರದೇ ತಯಾರಿ. ಬಡಿಸಲು ನಿಲ್ಲುವುದಿಲ್ಲ, ಮೊದಲ ಪಂಕ್ತಿಯಲ್ಲೇ ಅತ್ತೆಯ ಪಕ್ಕ ಕೂರುವುದು. ಯಾರಾದರೂ ಮೈ ವಿಷಯ ಎತ್ತಿದರೆ ಉತ್ತರ ಕೊಡುವುದು ಅತ್ತೆ. ಹೋಳಿಗೆ ಒಂದು, ತುಪ್ಪ ಹಾಕಿಸಿಕೊಂಡೇ. ಎರಡನೆಯದು ಬೇಕೋ ಬೇಡವೋ ಅಲ್ಲೇ ನೋಡಿದರಾಯಿತು. ಊಟ ಮುಗಿದ ಮೇಲೆ ಫೋನ್ ಮಾಡ್ತೀನಿ ಅಂದಿದ್ದಾರೆ.